ಬಾಕಿ ಉಳಿದ ಮೂವತ್ತಮೂರು

“ಸಾವಿರದ ಇನ್ನೂರ ಇಪ್ಪತ್ತಾರು.”

ಬಣ್ಣದವನ ಹೆಂಡತಿ ಕೊನೆಯ ಎಳೆಯನ್ನು ಬೆರಳಿನಿಂದ ಬಿಟ್ಟು ಸ್ಟೂಲಿನಿಂದ ಕೆಳಗಿಳಿದಳು. ಮಗ್ಗದ ಮೇಲಿನ ಮರದ ದಿಂಡಿನಿಂದ ಗೇಣುದ್ದದ ಹತ್ತಿನೂಲಿನ ತುಂಡುಗಳು ಸಾಲಾಗಿ ಜೋತಾಡುತ್ತಿದ್ದವು. ರತ್ನಗಂಬಳಿ ನೇಯ್ದು ಮುಗಿಸಿ ಕತ್ತರಿಸಿ ಇಳಿಸಿಕೊಂಡ ಮೇಲೆ ದಿಂಡಿನ ಪಾಲಿಗೆ ಉಳಿದ, ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಅವು. ಹತ್ತು ಹತ್ತಕ್ಕೆ ಅವಳು ಕಟ್ಟುತ್ತ ಬಂದಿದ್ದ ಹಸಿರು ದಾರಗಳು ಬೆಳೆಯ ನಡುವಿನ ಬದುಗಳ ಹಾಗೆ ಕಾಣುತ್ತಿದ್ದವು.

“ಅಂಚಿನ ದಪ್ಪ ಎಳೆ ಬಿಟ್ಟು ಮೇಡಂ. ಇನ್ನೊಂದ್ಸಲ ಎಣಿಸ್ಲಾ?”

“ಬೇಡ. ಎರಡು ಸಲಾನೂ ಒಂದೇ ಬಂತಲ್ಲ.” ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದು ಕಿಟಕಿಯ ಮೇಲಿಟ್ಟಳು. “ಒಂದು ಗಂಟಿಗೆ ಎಷ್ಟು ಎಳೆ?”

“ಎರಡು. ಜೋಡಿ ಎಳೆಗೆ ಉಣ್ಣೆ ಸುತ್ತಿ ಕೆಳಗೆ ಜಗ್ಗಿದ್ರೆ ಒಂದು ಗಂಟು.”

“ಅಂದ್ರೆ ಅಡ್ಡಸಾಲಿಗೆ ಆರುನೂರ ಹದಿಮೂರು ಗಂಟು.” ಅವಳು ಮೂಲೆಯತ್ತ ತಿರುಗಿದಳು. “ಮೇಷ್ಟ್ರೇ, ಭಾಗಿಸಿ ನೋಡ್ತೀರಾ?”

ಮೂಲೆಯ ಮುರುಕು ಬೆಂಚಿನ ಮೇಲೆ ಲೆಕ್ಕದ ಮೇಷ್ಟ್ರು ಕೂತಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ. ಮೂವತ್ತನಾಲ್ಕು ವರ್ಷ ಊರಿನ ಅರ್ಧ ಜನರ ಕಿವಿ ಹಿಂಡಿ ಭಾಗಾಕಾರ ಕಲಿಸಿದವರು. ಹತ್ತೊಂಬತ್ತು ದಿನದ ಹಿಂದೆ ಅವರು ಬರೆದುಕೊಟ್ಟ ಒಂದು ಚೀಟಿಯ ಬಲದ ಮೇಲೆಯೇ ಈ ಹೆಣ್ಣಿನ ಗಂಡ ಲಾಕಪ್ಪಿಗೆ ಹೋಗಿದ್ದ, ಈ ನೇಯ್ಗೆ ಮನೆಗೆ ಸೀಲು ಬಿದ್ದಿತ್ತು.

ಪೆನ್ಸಿಲ್ ಕೈಯಲ್ಲಿತ್ತು.

ಮೂರು ಲಕ್ಷ ಎಪ್ಪತ್ತೆಂಟು ಸಾವಿರದ ಇನ್ನೂರ ಇಪ್ಪತ್ತೊಂದು. ತೀರಿಕೊಂಡ ಮಗ್ಗದಜ್ಜ ಇದೇ ಮಗ್ಗದಲ್ಲಿ ನೇಯ್ದ ತನ್ನ ಕೊನೆಯ ರತ್ನಗಂಬಳಿಯ ಬಗ್ಗೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟದ್ದು ಇದೊಂದೇ ಸಂಖ್ಯೆ. ಉದ್ದವಿಲ್ಲ, ಅಗಲವಿಲ್ಲ, ಒಟ್ಟು ಗಂಟು ಮಾತ್ರ. ೩,೭೮,೨೨೧.

“ಕಲಾಭವನದಲ್ಲಿ ತೂಗುಹಾಕಿರೋದು ಅಜ್ಜ ನೇಯ್ದದ್ದಲ್ಲ, ಯಾರೋ ಬದಲಾಯಿಸಿದ್ದಾರೆ” ಎಂದು ಅಜ್ಜನ ಉಣ್ಣೆಗೆ ಬಣ್ಣ ಕಾಯಿಸುತ್ತಿದ್ದ ಶಿಷ್ಯ ಬಣ್ಣದವನು ಹೇಳಿದಾಗ ಸಾಕ್ಷಿಗೆಂದು ತೋರಿಸಿದ್ದು ಈ ಪುಸ್ತಕ. ಕಲಾಭವನದ ಮೇಲ್ವಿಚಾರಕ ನಕ್ಕು, ಆ ಸಂಖ್ಯೆಯನ್ನು ನೇರ ಮೇಷ್ಟ್ರ ಮನೆಗೆ ತಂದಿದ್ದ.

ಮೇಷ್ಟ್ರು ಬರೆದುಕೊಟ್ಟದ್ದು ನಾಲ್ಕು ಸಾಲು. ‘ಇದು ಅವಿಭಾಜ್ಯ ಸಂಖ್ಯೆ. ನೋಡಬೇಕಾದ ನೂರ ಹನ್ನೆರಡು ಅವಿಭಾಜ್ಯ ಭಾಜಕಗಳಿಂದಲೂ ಭಾಗಿಸಿ ನೋಡಿದ್ದೇನೆ. ಯಾವುದರಿಂದಲೂ ಭಾಗವಾಗುವುದಿಲ್ಲ. ಆದ್ದರಿಂದ ಸಾಲುಸಾಲಾಗಿ ಗಂಟು ಹಾಕಿದ ಯಾವ ರತ್ನಗಂಬಳಿಯಲ್ಲೂ ಇಷ್ಟು ಗಂಟು ಇರುವುದು ಅಸಾಧ್ಯ.’

ಮಾತು ನ್ಯಾಯವಾದದ್ದೇ. ಸಾಲಿಗೆ ಹತ್ತರಂತೆ ಇಪ್ಪತ್ತು ಸಾಲು ಹಾಕಿದರೆ ಇನ್ನೂರಾಗುತ್ತದೆ. ಯಾವುದರಿಂದಲೂ ಭಾಗವಾಗದ ಸಂಖ್ಯೆಯನ್ನು ಸಮಸಾಲುಗಳಲ್ಲಿ ಕೂರಿಸಲು ಬ್ರಹ್ಮನಿಂದಲೂ ಆಗದು. ಹಾಗಾಗಿ ಪುಸ್ತಕ ಸುಳ್ಳು, ಬರೆದದ್ದು ಬಣ್ಣದವನೇ ಎಂದಾಯಿತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಧೀಶರ ಮುಂದೆ ಆ ಚೀಟಿ ನಿಂತರೆ ಅವನಿಗೆ ಸುಳ್ಳು ದಾಖಲೆಗೆಂದು ಮೂರು ವರ್ಷ ಜೈಲು.

“ಮೇಷ್ಟ್ರೇ,” ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಎಚ್ಚರಿಸಿದಳು.

ಅವರು ಬರೆದರು. ಮೊದಲ ನಾಲ್ಕಂಕಿಗೆ ಆರು ಸಲ ಹೋಗುತ್ತದೆ, ನೂರ ನಾಲ್ಕು ಉಳಿಯಿತು. ಎರಡನ್ನು ಇಳಿಸಿಕೊಂಡರೆ ಸಾವಿರದ ನಲವತ್ತೆರಡು, ಒಂದು ಸಲ. ನಾನೂರ ಇಪ್ಪತ್ತೊಂಬತ್ತು ಉಳಿಯಿತು. ಕೊನೆಯ ಒಂದನ್ನು ಇಳಿಸಿಕೊಂಡರು. ನಾಲ್ಕು ಸಾವಿರದ ಇನ್ನೂರ ತೊಂಬತ್ತೊಂದು. ಆರುನೂರ ಹದಿಮೂರೇಳಲಿ...

ನಾಲ್ಕು ಸಾವಿರದ ಇನ್ನೂರ ತೊಂಬತ್ತೊಂದು.

ಕೆಳಗೆ ಗೆರೆ ಎಳೆದು ಸೊನ್ನೆ ಬರೆಯಬೇಕಿತ್ತು. ಬರೆಯಲಾಗಲಿಲ್ಲ. ಮಗುವೂ ಬರೆಯುವ ಆ ಸೊನ್ನೆಯನ್ನು ಬರೆಯಲು ಅವರಿಗೆ ಒಂದು ನಿಮಿಷ ಹಿಡಿಯಿತು.

“ಆರುನೂರ ಹದಿನೇಳು,” ಎಂದರು. “ಶೇಷ ಇಲ್ಲ.”

ಇನ್ಸ್‌ಪೆಕ್ಟರಮ್ಮ ತುಟಿಯಂಚಿನಲ್ಲಿ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಎಂಟನೇ ತರಗತಿಯಲ್ಲಿ ಅವಳು ಮಾಡಿದ ಭಾಗಾಕಾರಗಳೆಲ್ಲ ಏನಾದರೊಂದು ಉಳಿಸಿಕೊಂಡೇ ಮುಗಿಯುತ್ತಿದ್ದವು. ಮೇಷ್ಟ್ರು ತರಗತಿಯ ಮುಂದೆ ಅವಳಿಗೆ ‘ಶೇಷ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳ ಜೊತೆಗೇ ಬೆಳೆದು, ಈಗ ಸ್ಟೇಷನ್ನಿನ ಪೇದೆಗಳ ಬಾಯಲ್ಲೂ ಹಿಂದಿನಿಂದ ಓಡಾಡುತ್ತಿತ್ತು.

“ನಿಮ್ಮ ಲೆಕ್ಕದ ಹಾಳೆ ತನ್ನಿ ಅಂದಿದ್ದೆ.”

ಮೇಷ್ಟ್ರು ಚೀಲವನ್ನು ಎದೆಗೆ ಒತ್ತಿಕೊಂಡರು. ಕೊಡದೆ ದಾರಿಯಿರಲಿಲ್ಲ.

ಅವಳು ನಿಂತೇ ಹಾಳೆ ತಿರುವಿದಳು. ಎರಡು ಅಂಕಣ, ಮುತ್ತು ಪೋಣಿಸಿದ ಅಕ್ಷರ. ಏಳಕ್ಕೆ ನಾಲ್ಕು ಶೇಷ. ಹನ್ನೊಂದಕ್ಕೆ ಎಂಟು. ಹದಿಮೂರಕ್ಕೆ ಹನ್ನೆರಡು. ಹದಿನೇಳಕ್ಕೆ ಐದು. ಬೆರಳು ಕೆಳಗಿಳಿಯುತ್ತ ಹೋಯಿತು. ಮೂರನೆಯ ಹಾಳೆಯ ನಡುವೆ ನಿಂತಿತು.

“ನಾನೂರ ಒಂದಕ್ಕೆ ಎಪ್ಪತ್ತೆಂಟು ಶೇಷ. ಆಮೇಲೆ?”

ಹೊರಗೆ ಬಣ್ಣದ ಹಂಡೆಯ ಮೇಲೆ ಕಾಗೆ ಕೂತು ಕೊಕ್ಕು ಕುಟ್ಟುತ್ತಿತ್ತು.

“ಎಪ್ಪತ್ತೊಂಬತ್ತು ಭಾಗಾಕಾರ ಇದೆ. ನೂರ ಹನ್ನೆರಡು ಅಂತ ಸಹಿ ಹಾಕಿದೀರಿ. ಮಿಕ್ಕ ಮೂವತ್ತಮೂರು ಎಲ್ಲಿ ಮೇಷ್ಟ್ರೇ?”

“ಮಾಡ್ಲಿಲ್ಲಮ್ಮ.”

ಹೇಳಿದ್ದು ಅವರೇ. ಆದರೆ ಆ ದನಿ ಹಿಂದಿನ ಬೆಂಚಿನ ಹುಡುಗನದು.

ಬಣ್ಣದವನ ಹೆಂಡತಿ ಕೈಯಲ್ಲಿದ್ದ ಹಸಿರು ದಾರದ ಉಂಡೆಯನ್ನು ನಿಧಾನವಾಗಿ ಸುತ್ತತೊಡಗಿದಳು. ಅವಳು ಬೈದಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತು.

“ಯಾಕೆ ಮಾಡ್ಲಿಲ್ಲ?” ಎಂದಳು. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ ಪ್ರಶ್ನೆ.

“ಕಣ್ಣು ನೀರು ಸುರಿಸ್ತಿತ್ತು. ಎಪ್ಪತ್ತೊಂಬತ್ತಕ್ಕೆ ಬಗ್ಗದ್ದು ಇನ್ನು ಮೂವತ್ತಮೂರಕ್ಕೆ ಬಗ್ಗುತ್ತಾ ಅನ್ಕೊಂಡೆ. ಮೇಲ್ವಿಚಾರಕರು ಬೆಳಿಗ್ಗೇನೇ ಬಂದು ಕೂತಿದ್ರು. ‘ನೀವು ಒಂದು ಮಾತು ಹೇಳಿದ್ರೆ ಈ ಊರಲ್ಲಿ ಎದುರಾಡೋರಿಲ್ಲ’ ಅಂದ್ರು.” ಮೇಷ್ಟ್ರು ನೆಲ ನೋಡಿದರು. “ಆಗಿಲ್ಲ, ನಾಳೆ ಬನ್ನಿ ಅನ್ನೋಕೆ ಬಾಯಿ ಬರ್ಲಿಲ್ಲ.”

“ಬಾಯಿ ಬರ್ಲಿಲ್ಲ,” ಎಂದಳು ಅವಳು. “ಸರಿ ಬಿಡಿ. ನನ್ನ ಗಂಡನಿಗೂ ಬರ್ಲಿಲ್ಲ. ಆ ಚೀಟಿ ಓದಿ ಹೇಳಿದಾಗ ಏನಂದ ಗೊತ್ತಾ? ‘ಮೇಷ್ಟ್ರು ನೋಡಿದ್ದಾರೆ ಅಂದ್ಮೇಲೆ ಮುಗೀತು ಕಣೆ. ಅಜ್ಜನೇ ತಪ್ಪು ಬರೆದಿರಬೇಕು’ ಅಂದ. ವಕೀಲರು ಹೇಳಿದ್ರೂ ಎದುರು ಮಾತಾಡ್ಲಿಲ್ಲ. ನಿಮ್ಮ ಹತ್ರ ಓದಿದ್ನಲ್ಲ, ಅದೇ ತಪ್ಪಾಯ್ತು.”

ಮೇಷ್ಟ್ರಿಗೆ ಆ ಹುಡುಗನ ಮುಖ ನೆನಪಾಗಲಿಲ್ಲ. ಅದೂ ಒಂದು ನಾಚಿಕೆಯಾಗಿ ಉಳಿದವುಗಳ ಮೇಲೆ ಬಂದು ಕೂತಿತು. ನೆನಪಾದದ್ದು ಅವನ ಬೆರಳು. ಯಾವಾಗಲೂ ನೀಲಿ ಹತ್ತಿದ ಬೆರಳು. ‘ಹೋಗಿ ತೊಳ್ಕೊಂಡು ಬಾರೋ’ ಎಂದು ಎಷ್ಟು ಸಲ ಹೊರಗೆ ಕಳಿಸಿದ್ದರೋ.

“ಆರುನೂರ ಹದಿಮೂರು ಎಷ್ಟನೇದು ಮೇಷ್ಟ್ರೇ?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ನೂರ ಹನ್ನೆರಡನೇದು.”

“ಕೊನೇದು?”

“ಕೊನೇದು.”

“ಮೇಲಿನಿಂದ ಶುರು ಮಾಡಿದ್ರೆ?”

“ಮೊದಲನೇದೇ ಸಿಕ್ತಿತ್ತು.”

“ಇನ್ನೂ ಒಂದಿದೆ.” ಅವಳು ಮೊದಲನೆಯ ಹಾಳೆಯ ಮೊದಲ ಸಾಲನ್ನು ಅವರ ಕಣ್ಣ ಮುಂದೆ ಹಿಡಿದಳು. ಅವರದೇ ಅಕ್ಷರ. ‘೬೧೫ರ ವರ್ಗ ೩,೭೮,೨೨೫. ನಾಲ್ಕು ಹೆಚ್ಚಾಯಿತು. ಆದ್ದರಿಂದ ೬೧೪ರವರೆಗೆ ನೋಡಿದರೆ ಸಾಕು.’ “ನಾಲ್ಕು ಹೆಚ್ಚು ಅಂತ ನೀವೇ ಬರೆದಿದೀರಿ. ನಾಲ್ಕು ಎರಡರ ವರ್ಗ. ವರ್ಗದಲ್ಲಿ ವರ್ಗ ಕಳೆದ್ರೆ?”

“ಮೊತ್ತ ಇಂಟು ವ್ಯತ್ಯಾಸ,” ಎಂದರು ಮೇಷ್ಟ್ರು. ಕಣ್ಣು ಮುಚ್ಚಿಕೊಂಡರು. “ಆರುನೂರ ಹದಿನೈದಕ್ಕೆ ಎರಡು ಕೂಡಿದ್ರೆ ಆರುನೂರ ಹದಿನೇಳು. ಎರಡು ಕಳೆದ್ರೆ ಆರುನೂರ ಹದಿಮೂರು. ಒಂದು ಭಾಗಾಕಾರಾನೂ ಬೇಕಿರ್ಲಿಲ್ಲ.”

“ಒಂಬತ್ತನೇ ಕ್ಲಾಸಲ್ಲಿ ನನ್ನ ಬೆಂಚ್ ಮೇಲೆ ನಿಲ್ಲಿಸಿ ಇದನ್ನೇ ನೂರು ಸಲ ಬರೆಸಿದ್ರಿ. ಅದಕ್ಕೇ ಮರೆತಿಲ್ಲ. ಬೇಜಾರಿಲ್ಲ ಬಿಡಿ.”

ಬೇಜಾರಿಲ್ಲ ಎಂದದ್ದು ಚಾವಟಿಯ ಹಾಗೆ ತಾಗಿತು. ಬೀಗ ಅವರ ಕೈಯಲ್ಲಿತ್ತು, ಕೀಲಿಕೈ ಅವರೇ ಬರೆದ ಮೊದಲ ಸಾಲಿನಲ್ಲಿತ್ತು.

ಬಣ್ಣದವನ ಹೆಂಡತಿ ಮಗ್ಗದ ಕಂಬಕ್ಕೆ ಒರಗಿದಳು. “ಅಜ್ಜ ಹಾಗೇನೇ. ಅಗಲ ಎಷ್ಟು, ಉದ್ದ ಎಷ್ಟು ಅಂತ ಹೆಂಡ್ತಿಗೂ ಹೇಳ್ತಿರ್ಲಿಲ್ವಂತೆ. ಹಾಸು ಕಟ್ಟೋದೂ ಒಬ್ರೇ, ನೇಯೋದೂ ಒಬ್ರೇ. ನನ್ನ ಗಂಡ ಹೊರಗೆ ಬಣ್ಣ ಕಾಯಿಸೋದು. ಒಡೆಯೋಕೆ ಬಾರದ ಎರಡು ಸಂಖ್ಯೆ ಆರಿಸಿ, ಗುಣಿಸಿ, ಒಂದೇ ಬರೆದಿಡೋರು. ‘ಕದಿಯೋನು ಇದನ್ನ ಒಡೆದು ಕದೀಲಿ’ ಅಂತ ನಗೋರು.”

“ಎರಡೂ ಅವಿಭಾಜ್ಯ ಆದ್ರೆ ಬೇರೆ ದಾರೀನೇ ಇಲ್ಲ,” ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. “ಒಂದೇ ಸಾಲಲ್ಲಿ ನೇಯ್ಬೇಕು. ಇಲ್ಲಾಂದ್ರೆ ಆರುನೂರ ಹದಿಮೂರು, ಆರುನೂರ ಹದಿನೇಳು. ಮೂರನೇದು ಅಂತ ಇಲ್ಲ. ಆ ಒಂದು ಸಂಖ್ಯೆ ಲೋಕದಲ್ಲಿ ಒಂದೇ ಅಳತೆ ಹೇಳುತ್ತೆ.”

“ಕಲಾಭವನದ್ದು ನಿನ್ನೆ ಇವರೇ ನನ್ನೆದುರು ಎಣಿಸಿದ್ರು,” ಎಂದು ಬಣ್ಣದವನ ಹೆಂಡತಿಯತ್ತ ಕೈ ತೋರಿಸಿದಳು ಇನ್ಸ್‌ಪೆಕ್ಟರಮ್ಮ. “ಆರುನೂರ ಹದಿನಾಲ್ಕು, ಆರುನೂರ ಹದಿನೆಂಟು.”

“ಸಮ ಸಂಖ್ಯೆ ನೋಡಿ, ಅದರಲ್ಲೇ ಸಿಕ್ಕಿಬಿದ್ದ.” ಬಣ್ಣದವನ ಹೆಂಡತಿಯ ದನಿಗೆ ಮೊದಲ ಬಾರಿ ಕಾವು ಬಂತು. “ನಕಲು ಮಾಡೋರು ಅರ್ಧ ಚಿತ್ರ ಬರ್ಕೊಂಡು ಮಡಿಸಿ ಇನ್ನರ್ಧ ಮಾಡ್ತಾರೆ. ಅಜ್ಜ ನಟ್ಟನಡುವೆ ಒಂದೇ ಒಂದು ಕೆಂಪು ಗಂಟು ಇಡೋರು. ಅತ್ತಿತ್ತ ಜೋಡಿಯಿಲ್ಲ. ‘ಎಲ್ಲಕ್ಕೂ ಜೋಡಿ ಇರುತ್ತೆ, ದೇವರಿಗಿಲ್ಲ’ ಅನ್ನೋರು. ಮಡಿಸೋವಾಗ ಆ ನಡುವಿನ ಗಂಟನ್ನೂ ಸೇರಿಸ್ಕೊಂಡ್ಬಿಟ್ಟಿದ್ದಾನೆ ಪುಣ್ಯಾತ್ಮ. ಅಲ್ಲಿ ತೂಗಾಡ್ತಿರೋದ್ರಲ್ಲಿ ನಡುವೆ ನಾಲ್ಕು ಕೆಂಪು ಗಂಟು! ನನ್ನ ಗಂಡ ಬಾಗಿಲಲ್ಲಿ ನಿಂತೇ ಅದನ್ನ ನೋಡಿದ್ದು. ನೀವು ಒಳಗೆ ಹೋಗಿ ನೋಡಿದ್ರಾ ಮೇಷ್ಟ್ರೇ?”

ನೋಡಿರಲಿಲ್ಲ. ಸಂಖ್ಯೆ ನೋಡಿದ್ದರು, ರತ್ನಗಂಬಳಿ ನೋಡಿರಲಿಲ್ಲ.

ಅವರು ಎದ್ದರು. ಕೈ ಮುಗಿಯಲು ಹೋದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಬೇಡ, ಹಿರಿಯರು ನೀವು. ನಂಗೆ ಕೈ ಮುಗಿದ್ರೆ ಅವನು ಮನೆಗೆ ಬರಲ್ಲ. ನಾಳೆ ಜಡ್ಜ್ ಮುಂದೆ ನಿಂತು ಹೇಳಿ. ನಂಗೆ ಹೇಳಿದ್ರಲ್ಲ, ಹಾಗೇ. ಕಣ್ಣಲ್ಲಿ ನೀರು ಬಂತು ಅನ್ನೋದೂ ಸೇರಿಸಿ, ಪರವಾಗಿಲ್ಲ.”

*

ಜೀಪಿನಲ್ಲಿ ಇನ್ಸ್‌ಪೆಕ್ಟರಮ್ಮ ಸ್ಟಿಯರಿಂಗ್ ಹಿಡಿದಿದ್ದಳು, ಮೇಷ್ಟ್ರು ಹಿಂದೆ ಕೂತಿದ್ದರು. ಮಾರುಕಟ್ಟೆಯ ತಿರುವಿನಲ್ಲಿ ಹಣ್ಣಿನವನೊಬ್ಬ ಮೇಷ್ಟ್ರನ್ನು ಕಂಡು ತಲೆಯ ಟವೆಲ್ ತೆಗೆದು ನಮಸ್ಕಾರ ಹೊಡೆದ. ನಾಳಿದ್ದಿನ ಪತ್ರಿಕೆ ಬಂದ ಮೇಲೆ ಈ ಟವೆಲ್ ಅಲ್ಲೇ ಇರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವರ ಮಾನ ಅಡಿಕೆಗೂ ಹೋಗಿರಲಿಲ್ಲ, ಒಂದು ಹೊತ್ತಿನ ನಿದ್ದೆಗೆ ಹೋಗಿತ್ತು.

“ಐದು ಗಂಟೆಯೊಳಗೆ ಬರೆದು ಕೊಡಿ,” ಎಂದಳು ಅವಳು. “ಬಣ್ಣದವನು ಸುಳ್ಳುಗಾರ ಅಲ್ಲ ಅನ್ನೋದಕ್ಕೆ ಅದು ಸಾಕು. ಆದ್ರೆ ಕಳ್ಳ ಯಾರು ಅನ್ನೋದಕ್ಕೆ ಸಾಲಲ್ಲ. ಅಸಲಿ ಕಾರ್ಪೆಟ್ ಸಿಗದೆ ಮೇಲ್ವಿಚಾರಕನ ಕೂದಲೂ ಅಲ್ಲಾಡಿಸೋಕಾಗಲ್ಲ. ಅವನ ಮನೆ ನೋಡಿದೆ, ಗೋದಾಮು ನೋಡಿದೆ, ತಮ್ಮನ ಅಂಗಡಿ ನೋಡಿದೆ. ಎಲ್ಲೂ ಇಲ್ಲ.”

“ಹೊರಗೆ ಸಾಗಿಸಿರ್ಬೋದು.”

“ಊರಿನ ಮೂರು ದಾರಿಗೂ ನಾನು ಜನ ಹಾಕಿ ಇಪ್ಪತ್ತು ದಿನ ಆಯ್ತು. ಇಲ್ಲೇ ಎಲ್ಲೋ ಇದೆ. ಯಾರೂ ಹುಡುಕದ ಜಾಗದಲ್ಲಿ.” ಜೀಪು ನಿಧಾನವಾಯಿತು. “ಇನ್ನೊಂದು ಮಾತು ನನ್ನ ತಲೆ ಕೊರೀತಿದೆ. ಕಾಲೇಜಿನಲ್ಲಿ ಲೆಕ್ಕದ ಪ್ರೊಫೆಸರ್ ಮೂರು ಜನ ಇದ್ದಾರೆ. ಅವನು ನಿಮ್ಮ ಹತ್ರಾನೇ ಬಂದ. ಸರಿ, ದೊಡ್ಡ ಹೆಸರು ಅಂತ ಬಂದ ಅನ್ನೋಣ. ಆದ್ರೆ ನೀವು ಪೂರ್ತಿ ಮಾಡಿದ್ರೆ ಅವನ ಕತೆ ಮುಗೀತಿತ್ತು. ಅಷ್ಟು ಧೈರ್ಯವಾಗಿ ಕಾಯ್ತಾ ಕೂತ ಅಂದ್ರೆ, ನೀವು ಪೂರ್ತಿ ಮಾಡಿಲ್ಲ ಅಂತ ಅವನಿಗೆ ಗೊತ್ತಿತ್ತಾ?”

“ಹೇಗೆ ಗೊತ್ತಾಗುತ್ತಮ್ಮ? ನಾನು ಯಾರಿಗೂ ಹೇಳಿಲ್ಲ.”

“ಅದನ್ನೇ ಯೋಚ್ನೆ ಮಾಡಿ.” ಅವಳು ಕನ್ನಡಿಯಲ್ಲಿ ಅವರ ಮುಖ ನೋಡಿದಳು. “ಚೀಟಿ ಬರೆದುಕೊಟ್ಟಿದ್ದಕ್ಕೆ ಅವನು ನಿಮಗೇನಾದ್ರೂ ಕೊಟ್ಟನಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೇಷ್ಟ್ರ ಕೈ ತಾನಾಗಿ ಹೆಗಲಿನ ಮೇಲಿದ್ದ ಶಾಲಿಗೆ ಹೋಯಿತು. ಶಾಲು ಅವರದೇ. ಆದರೆ ಮನೆಯಲ್ಲಿ ಒಂದು ವಸ್ತು ಇತ್ತು. ಚೀಟಿ ಕೊಟ್ಟ ಮರುದಿನ ಕಲಾಭವನದ ಆಳು ಸುರುಳಿ ಸುತ್ತಿ ತಂದು ಹಾಸಿಹೋದದ್ದು. ‘ತಣ್ಣನೆ ನೆಲಕ್ಕೆ ಕಾಲಿಟ್ಟು ಬರೀಬೇಡಿ ಮೇಷ್ಟ್ರೇ, ಹಳೇದು, ಗೋದಾಮಲ್ಲಿ ಬಿದ್ದಿತ್ತು’ ಎಂದು ಹೇಳಿಕಳಿಸಿದ್ದರು. ಅವರೂ ಬೇಡವೆಂದಿರಲಿಲ್ಲ.

ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಒಂದು ದಿನಕ್ಕೆ ಎಷ್ಟು ಸಲ ತಾನೇ ತಲೆ ತಗ್ಗಿಸುವುದು? ಕಾಲೊರೆಸುವ ಹಳೇ ನೆಲಹಾಸೊಂದಕ್ಕೆ ಆಸೆಪಟ್ಟವನು ಎಂದೂ ಅನಿಸಿಕೊಳ್ಳಬೇಕೇ, ಅದೂ ಶೇಷಳಿಂದ?

“ಏನೂ ಇಲ್ಲಮ್ಮ,” ಎಂದರು.

ಅವಳು ಕನ್ನಡಿಯಿಂದ ಕಣ್ಣು ತೆಗೆದಳು.

*

ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮೇಷ್ಟ್ರಿಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮನೆಗೇ ಯಜಮಾನಿಯಾದವಳು.

“ಮುಖ ಯಾಕೋ ಸುಟ್ಟ ಬದನೆಕಾಯಿ ಆಗಿದೆ? ಲೆಕ್ಕ ತಪ್ಪಿತಾ?” ಎಂದು ನಕ್ಕಳು.

ಮೇಷ್ಟ್ರು ಕೋಣೆಗೆ ಹೋಗಿ ಮೇಜಿನ ಮುಂದೆ ಕೂತರು. ಬಿಳಿ ಹಾಳೆ ಎಳೆದುಕೊಂಡರು.

‘ನಾನು ಸುಳ್ಳು ಬರೆದೆ’ ಎಂದು ಬರೆದರು. ಅದನ್ನು ಹೊಡೆದುಹಾಕಿ ‘ನನ್ನಿಂದ ಒಂದು ಲೋಪವಾಗಿದೆ’ ಎಂದು ಬರೆದರು. ಮತ್ತೆ ಓದಿಕೊಂಡರು. ಲೋಪವಂತೆ! ಹುಡುಗರು ಮನೆಲೆಕ್ಕ ಮಾಡದೆ ಬಂದಾಗ ಹೀಗೆ ಬರೆದುಕೊಟ್ಟಿದ್ದರೆ ಬೆತ್ತ ಮುರಿಯುವವರೆಗೆ ಬಾರಿಸುತ್ತಿದ್ದರು. ಅದನ್ನೂ ಹೊಡೆದು, ಮೊದಲಿನದನ್ನೇ ದೊಡ್ಡ ಅಕ್ಷರದಲ್ಲಿ ಬರೆದರು.

ಪೆನ್ನಿನ ಮುಚ್ಚಳ ಕೈ ಜಾರಿ ಮೇಜಿನ ಕೆಳಗೆ ಉರುಳಿತು.

ಮಂಡಿಯೂರಿ ಬಗ್ಗಿದರು. ಮೇಜು, ಕುರ್ಚಿ, ಹಳೇ ಟ್ರಂಕು, ಇವುಗಳ ಅಡಿಯಲ್ಲಿ ಮುಕ್ಕಾಲು ಮುಚ್ಚಿಹೋಗಿದ್ದ ಆ ನೆಲಹಾಸು. ಕಡುನೀಲಿ ಹಿನ್ನೆಲೆ, ಅದರಲ್ಲಿ ಬಳ್ಳಿಗಳು. ಹದಿನೆಂಟು ದಿನ ಕಾಲಿಟ್ಟಿದ್ದರೂ ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಮುಚ್ಚಳ ಉರುಳಿ ನಿಂತಲ್ಲಿ ಬಳ್ಳಿಗಳೆಲ್ಲ ಬಂದು ಸೇರುತ್ತಿದ್ದವು.

ಅಲ್ಲಿ ಸಾಸಿವೆಯಷ್ಟು ಕೆಂಪು. ಒಂದೇ ಒಂದು ಗಂಟು. ಅತ್ತಿತ್ತ ಜೋಡಿಯಿಲ್ಲ.

ಮೇಷ್ಟ್ರು ಬೆರಳಿಟ್ಟು ಮುಟ್ಟಿದರು. ಕಲೆಯಾಗಿರಲಪ್ಪ ದೇವರೇ, ಶಾಯಿ ಬಿದ್ದಿರಲಿ ಎಂದು ಉಗುರಿನಿಂದ ಕೆರೆದರು. ಉಣ್ಣೆ ಅಲುಗಲಿಲ್ಲ.

“ಅಕ್ಕಾ,” ಎಂದು ಕೂಗಿದರು. “ಕತ್ತರಿ ತಗೊಂಬಾ. ಗುಂಡುಸೂಜಿ ಡಬ್ಬೀನೂ.”

ಟ್ರಂಕು ಸರಿಸಿ, ಮೇಜು ಎತ್ತಿಟ್ಟು, ಅಕ್ಕತಮ್ಮ ಸೇರಿ ಹಾಸನ್ನು ಮಗುಚಿದರು. ಹಿಂಬದಿಗೆ ದಪ್ಪ ಖಾಕಿ ಬಟ್ಟೆ ಹೊಲಿದಿತ್ತು. ಹಳೇ ನೆಲಹಾಸಿನ ಬೆನ್ನಿಗೆ ಹೊಸ ಬಟ್ಟೆ, ಹೊಸ ದಾರ. ಒಂದು ಅಂಚಿನ ಹೊಲಿಗೆ ಬಿಚ್ಚಿದಾಗ ಗಂಟುಗಳ ಬೆನ್ನು ಸಣ್ಣ ಜೋಳದ ತೆನೆಯ ಹಾಗೆ ಸಾಲಾಗಿ ಕಂಡಿತು.

“ಹತ್ತಕ್ಕೊಂದು ಸೂಜಿ ಚುಚ್ಚು ಅಕ್ಕ. ನಾನು ಎಣಿಸ್ತೀನಿ.”

“ಏನು ಹುಡುಕ್ತಿದೀಯೋ?”

“ಬೇರೆ ಯಾವುದಾದ್ರೂ ಸಂಖ್ಯೆ ಬರ್ಲಿ ಅಂತ ಬೇಡ್ಕೋ.”

ಕಾಲು ಗಂಟೆ ಹಿಡಿಯಿತು. ಅಂಚಿನಿಂದ ಅಂಚಿಗೆ ಅರವತ್ತೊಂದು ಸೂಜಿ ಹೊಳೆಯುತ್ತಿದ್ದವು. ಕೊನೆಯ ಸೂಜಿಯ ಆಚೆ ಗಂಟುಗಳು ಉಳಿದಿದ್ದವು.

ಮೂರು.

ಮೇಷ್ಟ್ರು ನೆಲದ ಮೇಲೆ ಹಾಗೇ ಕೂತುಬಿಟ್ಟರು. ಊರೆಲ್ಲ ಜಾಲಾಡಿದ ರತ್ನಗಂಬಳಿ ಅವರ ಕಾಲಡಿಯಲ್ಲಿತ್ತು. ಮೇಲ್ವಿಚಾರಕ ಬಚ್ಚಿಟ್ಟ ಜಾಗ ಎಂಥದ್ದು! ಬೀಗ ಬೇಡ, ಕಾವಲು ಬೇಡ, ಒಬ್ಬ ಹೆಸರುವಾಸಿ ಮನುಷ್ಯನ ಮರ್ಯಾದೆ ಸಾಕು. ಸಿಕ್ಕಿದರೂ ‘ಲಂಚ ತಿಂದು ಬರೆದವನ ಮನೆಯಲ್ಲಿ ಸಿಕ್ಕಿತು’ ಎಂದೇ ಜನ ಹೇಳುವುದು. ಸೋಮಾರಿತನ ಎಂದು ಇನ್ನು ಯಾರೂ ನಂಬುವುದಿಲ್ಲ.

ನಂಬಲು ಅವರೇ ಜಾಗ ಉಳಿಸಿರಲಿಲ್ಲ. ‘ಏನೂ ಇಲ್ಲಮ್ಮ’ ಎಂದು ಒಂದು ಗಂಟೆಯ ಹಿಂದೆ ಬಾಯಾರೆ ಹೇಳಿದ್ದರು.

ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದರು. ಎಪ್ಪತ್ತೊಂಬತ್ತು, ಮೂವತ್ತಮೂರು, ನೇಯ್ಗೆ ಮನೆ, ನೀಲಿ ಬೆರಳಿನ ಹುಡುಗ. “ಒಂದು ಮಾತ್ರ ಅರ್ಥ ಆಗ್ತಿಲ್ಲಕ್ಕ. ನಾನು ಪೂರ್ತಿ ಮಾಡಿಲ್ಲ ಅಂತ ಅವನಿಗೆ ಹೇಗೆ ತಿಳೀತು?”

ಅಕ್ಕ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು. ಕೈ ನಿಂತಿತು.

“ಅವತ್ತು ನೀನು ಸ್ನಾನಕ್ಕೆ ಹೋಗಿದ್ದೆ,” ಎಂದಳು. “ಅವರು ಜಗಲಿ ಮೇಲೆ ಕಾಯ್ತಿದ್ರು. ಕಾಫಿ ಕೊಟ್ಟೆ. ಲೆಕ್ಕ ಆಯ್ತಾ ಅಂದ್ರು. ‘ಎಲ್ಲಿ ಸ್ವಾಮಿ, ನಾನೂರರ ಹತ್ರ ಗೊರಕೆ ಹೊಡೆದ. ಎದ್ದವನೇ ಇನ್ನೂ ಮೂವತ್ತಮೂರು ಬಾಕಿ ಅಂತ ಗೊಣಗ್ತಾ ಬಚ್ಚಲಿಗೆ ಹೋದ’ ಅಂದೆ. ತಮಾಷೆಗೆ ಅಂದದ್ದು ಕಣೋ. ಅವರೂ ನಕ್ಕರು. ‘ಬಾಕಿ ನಿಧಾನಕ್ಕೆ ನೋಡ್ಕೊಳ್ಲಿ ಬಿಡಿ, ಸಹಿ ಮಾತ್ರ ಇವತ್ತೇ ಬೇಕು’ ಅಂದ್ರು.”

ಅವಳ ಕಣ್ಣು ತುಂಬಿತು. “ನಾನೇ ಕಣೋ. ನಿನ್ನ ಮಾನದ ಬೀಗದಕೈ ಕಾಫಿ ಲೋಟದ ಜೊತೆ ಕೊಟ್ಟು ಕಳಿಸಿದ್ದು.”

“ನಿನ್ನ ತಪ್ಪಿಲ್ಲಕ್ಕ. ನೀನು ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಮನೆಯಲ್ಲಿ ನಿಜ ಹೇಳಿದೋಳು ನೀನೊಬ್ಬಳೇ.”

ಹೊರಗೆ ಜೀಪು ನಿಂತ ಸದ್ದಾಯಿತು.

ಗಡಿಯಾರ ನೋಡಿದರು. ನಾಲ್ಕು. ಐದಕ್ಕೆ ಎಂದಿದ್ದವಳು ನಾಲ್ಕಕ್ಕೇ ಬಂದಿದ್ದಳು.

ನಾಲ್ಕು ಕೈಗಳು ಒಟ್ಟಿಗೆ ಹಾಸನ್ನು ಮಗುಚಿದವು, ಖಾಕಿ ಬಟ್ಟೆ ಅಡಿಗೆ ಹೋಯಿತು, ನೀಲಿ ಮೇಲೆ ಬಂತು. ಮೇಜನ್ನು ಎಳೆಯಲು ಹೊತ್ತಿರಲಿಲ್ಲ. ಮೇಷ್ಟ್ರು ಎದ್ದು ನಿಂತಾಗ ಬಲಗಾಲು ಸರಿಯಾಗಿ ಆ ಕೆಂಪು ಗಂಟಿನ ಮೇಲಿತ್ತು. ತಾವೇ ಅಲ್ಲಿ ಇಟ್ಟರೋ, ಕಾಲೇ ಹೋಯಿತೋ, ದೇವರಿಗೇ ಗೊತ್ತು.

ಇನ್ಸ್‌ಪೆಕ್ಟರಮ್ಮ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದಳು. ಗೋಡೆಗೆ ಸರಿದ ಮೇಜು, ನಡುಮನೆಗೆ ಬಂದ ಟ್ರಂಕು, ಅಕ್ಕನ ಕೈಯಲ್ಲಿನ ಕತ್ತರಿ, ಎಲ್ಲವನ್ನೂ ಅವಳ ಕಣ್ಣು ಒಂದು ಸುತ್ತು ಹಾಕಿ ಬಂತು.

“ಬರೆದ್ರಾ ಮೇಷ್ಟ್ರೇ?”

ಅವರು ಹಾಳೆ ಚಾಚಿದರು. ಅವಳು ಓದಿದಳು. ‘ನಾನು ಸುಳ್ಳು ಬರೆದೆ’ ಎಂಬಲ್ಲಿ ಅವಳ ಮುಖ ಸ್ವಲ್ಪ ಮೆತ್ತಗಾಯಿತು. ಮಡಿಸಿ ಜೇಬಿಗಿಡುವಾಗ ಕಣ್ಣು ಕೆಳಗೆ ಹೋಯಿತು.

“ಈ ಕಾರ್ಪೆಟ್ ಎಲ್ಲಿಂದ ಬಂತು?”

ಈಗ ಹೇಳಬೇಕು. ಬಣ್ಣದವನ ಮೂರು ವರ್ಷವೂ ಇದರ ಮೇಲಿದೆ, ಆ ಕಳ್ಳನ ಕೊರಳೂ ಇದರ ಮೇಲಿದೆ. ಹೇಳಿದರೆ ಅವರೇ ಕಳ್ಳಮಾಲು ಇಟ್ಟುಕೊಂಡವರು. ಮೇಷ್ಟ್ರು ಉಸಿರೆಳೆದುಕೊಂಡು ಬಾಯಿ ತೆರೆದರು.

“ಅದು ನಂದು ಕಣಮ್ಮಾ,” ಎಂದಳು ಅಕ್ಕ.

ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ತಮ್ಮನ ಮುಂದೆ ಬಂದು ನಿಂತಿದ್ದಳು. ಎಪ್ಪತ್ತೈದು ತುಂಬಿದ ಅವಳು ಸುಳ್ಳು ಹೇಳಿದ್ದನ್ನು ಮೇಷ್ಟ್ರು ಕೇಳಿದ್ದೇ ಇಲ್ಲ.

“ನನ್ನ ಗಂಡನ ಮನೆಯಿಂದ ತಂದದ್ದು. ಹಳೇ ಕಾಲದ್ದು. ಇವನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇವತ್ತು ಬಿಸಿಲಿಗೆ ಹಾಕೋಣ ಅಂತ ತೆಗೆದ್ವಿ.”

ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿದಳು. ನಿಧಾನವಾಗಿ ಮಂಡಿಯೂರಿ ಕೂತಳು. ಹಾಸಿನ ಮೇಲೆ ಬಿದ್ದಿದ್ದ ಒಂದು ಗುಂಡುಸೂಜಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಮುಖ ಮೇಲೆತ್ತಿದಾಗ ನೋಡಿದ್ದು ಅಕ್ಕನನ್ನಲ್ಲ.

“ಕಾಲು ಸ್ವಲ್ಪ ತೆಗೀತೀರಾ ಮೇಷ್ಟ್ರೇ?”